ಗುರುತಣ್ಣನ ಹೊಲಿಗೆ

ಗುರುತಣ್ಣ ತೀರಿಕೊಂಡು ಇಪ್ಪತ್ತೆರಡು ದಿನ ಆಗಿತ್ತು. ಶುಕ್ರವಾರ ಸಂಜೆ ಲಾಂಡ್ರಿಯಿಂದ ಇಬ್ಬರು ಮನೆಗೆ ಬಂದರು. ಒಬ್ಬ ಸೂಪರ್‌ವೈಸರ್, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದವನು. ಇನ್ನೊಬ್ಬಳು ಇಸ್ತ್ರಿ ಮೇಜುಗಳ ಹಿರಿಯಳು, ಎಲ್ಲರ ಬಾಯಲ್ಲೂ ಇಸ್ತ್ರಿಯಕ್ಕ. ಬಾಗಿಲು ತೆರೆದ ಹೆಂಡತಿ, ಸಮಾಧಾನ ಹೇಳಲು ಬಂದಿರಬೇಕು ಅಂದುಕೊಂಡಳು. ಸಮಾಧಾನ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಆದರೆ ಇಸ್ತ್ರಿಯಕ್ಕನ ಕಂಕುಳಲ್ಲಿ ಒಂದು ನೀಲಿ ಅಂಗಿ ಇತ್ತು. ಸಮಾಧಾನ ಹೇಳುವವರು ಅಂಗಿ ಹಿಡಿದುಕೊಂಡು ಬರುವುದಿಲ್ಲ.

ಆ ಅಂಗಿಯ ಕತೆ ತಿಳಿಯಬೇಕಾದರೆ ಮೊದಲು ಗುರುತಣ್ಣನ ಕೆಲಸ ತಿಳಿಯಬೇಕು.

ಲಾಂಡ್ರಿ ಇದ್ದದ್ದು ರೈಲಿನ ಗೂಡ್ಸ್ ಅಂಗಳದ ಹಿಂದೆ. ಹೆಸರಿಗೆ ಲಾಂಡ್ರಿ, ನಿಜಕ್ಕೆ ಕಾರ್ಖಾನೆ. ಮನೆ ಬಟ್ಟೆ ಅಲ್ಲಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಊರಿನ ಕೆಲಸದ ಬಟ್ಟೆ. ಆಸ್ಪತ್ರೆಯ ಬಿಳಿ ಕೋಟು, ಹೋಟೆಲಿನವರ ಏಪ್ರನ್ನು, ಕಾವಲುಗಾರರ ಬೂದು ಅಂಗಿ, ಬಸ್ ಡಿಪೋದ ನೀಲಿ. ಕೋಣೆಯಷ್ಟು ದೊಡ್ಡ ನಾಲ್ಕು ಒಗೆಯುವ ಯಂತ್ರ, ಎರಡು ಹಿಂಡುವ ಯಂತ್ರ, ಹನ್ನೊಂದು ಇಸ್ತ್ರಿ ಮೇಜು. ಮೇಜಿಗೊಬ್ಬ ಹೆಂಗಸು. ಒಳಗೆ ಯಾವಾಗಲೂ ಹಬೆ. ಚಳಿಗಾಲದಲ್ಲಿ ಅದು ಸುಖ, ಬೇಸಿಗೆಯಲ್ಲಿ ಅದನ್ನು ಬೈಯಲು ಪದಗಳೇ ಸಾಲುತ್ತಿರಲಿಲ್ಲ.

ಗುರುತಣ್ಣನ ಕೆಲಸ ಬಟ್ಟೆಗೆ ಗುರುತು ಹಾಕುವುದು, ಒಗೆದು ಬಂದ ಮೇಲೆ ಗುರುತು ನೋಡಿ ಯಾರದು ಯಾರಿಗೆ ಅಂತ ವಿಂಗಡಿಸುವುದು. ಅದರಿಂದಲೇ ಅವನಿಗೆ ಆ ಹೆಸರು ಬಂದಿತ್ತು. ಆಸ್ಪತ್ರೆಯ ಕೋಟಿಗೆ ಹೆಸರನ್ನೇ ಹೊಲಿದಿರುತ್ತಿತ್ತು, ಹೋಟೆಲಿನವರಿಗೆ ಅಳತೆ ನೋಡಿ ಕಟ್ಟಿದರೆ ಸಾಕಿತ್ತು. ಡಿಪೋ ಒಂದೇ ತಲೆನೋವು. ಅಲ್ಲಿ ಎಂಬತ್ತಾರು ಜನ. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು. ಒಬ್ಬೊಬ್ಬರ ಅಂಗಿಯೂ ಮೈ ಅಳತೆಗೆ ಹೊಲಿಸಿದ್ದು. ಒಬ್ಬರದು ಇನ್ನೊಬ್ಬರಿಗೆ ಹೋಗುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನಂಬರು. ಯಾವ ನಂಬರು ಯಾರದು ಅನ್ನುವುದು ಆಫೀಸಿನ ಪುಸ್ತಕದಲ್ಲಿತ್ತು.

ನಂಬರನ್ನು ಶಾಯಿಯಲ್ಲಿ ಬರೆದರೆ ಕುದಿನೀರಿನಲ್ಲಿ ಎರಡು ತಿಂಗಳೂ ನಿಲ್ಲುವುದಿಲ್ಲ. ಅದಕ್ಕೆ ಗುರುತಣ್ಣ ದಾರ ಹಿಡಿದ. ಕಾಲರಿನ ಒಳಗೆ, ಪ್ಯಾಂಟಿನ ಸೊಂಟಪಟ್ಟಿಯ ಒಳಗೆ, ಬಿಳಿ ದಾರದಲ್ಲಿ ಪುಟ್ಟ ಪುಟ್ಟ ನೆಟ್ಟನೆ ಹೊಲಿಗೆಗಳು. ಹತ್ತು ಎಷ್ಟೋ ಅಷ್ಟು ಗೀಟು, ಒಂದು ಬೆರಳಗಲ ಜಾಗ, ಆಮೇಲೆ ಬಿಡಿ ಎಷ್ಟೋ ಅಷ್ಟು ಗೀಟು. ಸೊನ್ನೆಗೆ ಒಂದು ಕತ್ತರಿ ಗುರುತು, ಒಂಟಿ ಅಂಕಿಯ ನಂಬರಿಗೆ ಬರೀ ಗೀಟು. ಗಂಟು ಹಾಕುತ್ತಿರಲಿಲ್ಲ. ಗಂಟು ಕುತ್ತಿಗೆಗೆ ಚುಚ್ಚುತ್ತದೆ, ದಿನವಿಡೀ ಸ್ಟೀರಿಂಗ್ ಹಿಡಿಯುವವನಿಗೆ ಅದೂ ಒಂದು ಹಿಂಸೆ ಯಾಕೆ ಅನ್ನುತ್ತಿದ್ದ. ಎರಡೂ ತುದಿಯಲ್ಲಿ ಒಂದೇ ತರ ಮರುಹೊಲಿಗೆ ಹಾಕಿ ಮುಗಿಸುತ್ತಿದ್ದ.

ಅವನ ಮೇಜು ಕಿಟಕಿಯ ಪಕ್ಕದ ಮೂಲೆಯಲ್ಲಿತ್ತು. ಬೆಳಕಿಗೆ ಮುಖ, ಜನಕ್ಕೆ ಬೆನ್ನು. ಮೂವತ್ತೊಂದು ವರ್ಷ ಇಸ್ತ್ರಿಯವರು ನೋಡಿದ್ದು ಅವನ ಬೆನ್ನನ್ನೇ. ಜನ ಅವನಿಗೆ ಸೇರುತ್ತಿರಲಿಲ್ಲ ಅಂತಲ್ಲ. ಊಟದ ಹೊತ್ತಿಗೆ ಎಲ್ಲರ ಜೊತೆ ಕೂತು, ಎಲ್ಲರ ಡಬ್ಬಿಗೂ ಕೈ ಹಾಕಿ, ಎಲ್ಲರ ಕೈಲೂ ಬೈಸಿಕೊಳ್ಳುತ್ತಿದ್ದ. ಅವನ ಕತ್ತರಿಯ ಮೇಲೆ ಮಾತ್ರ ಎಲ್ಲರಿಗೂ ಸಿಟ್ಟು. ಯಾರು ಎರವಲು ತಗೊಂಡರೂ ಅದು ಬಟ್ಟೆಯನ್ನು ಅಗಿಯುತ್ತಿತ್ತೇ ಹೊರತು ಕತ್ತರಿಸುತ್ತಿರಲಿಲ್ಲ. ಅದಕ್ಕೆ ಗುರುತಣ್ಣನ ಮೊಂಡು ಕತ್ತರಿ ಅಂತ ಹೆಸರು ಬಿದ್ದಿತ್ತು. ಅವನು ನಕ್ಕು ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದ, ಬೆಳಿಗ್ಗೆ ಜೇಬಿನಲ್ಲೇ ಒಯ್ಯುತ್ತಿದ್ದ.

ಮನೆಗೆ ಬಂದು ಕೈಕಾಲು ತೊಳೆದು ಕೂತನೆಂದರೆ ಊರಿನ ಆರೋಗ್ಯ ಹೇಳುವುದು ಅವನ ಪದ್ಧತಿ. ಡಾಕ್ಟರು ನಾಡಿ ಹಿಡಿದ ಹಾಗೆ. "ಊರು ಚೆನ್ನಾಗಿದೆ ಕಣೇ" ಅಂದರೆ ಬಟ್ಟೆಯ ಗಂಟುಗಳು ಜಾಸ್ತಿ ಬಂದಿವೆ, ಕಾಲರುಗಳು ಕೊಳೆಯಾಗಿವೆ, ಜನ ಎರಡೆರಡು ಪಾಳಿ ದುಡಿಯುತ್ತಿದ್ದಾರೆ ಅಂತ ಅರ್ಥ. "ಊರಿಗೆ ನೆಗಡಿ" ಅಂದರೆ ಹೋಟೆಲಿನ ಏಪ್ರನ್ನುಗಳು ಒಗೆಯುವ ಮೊದಲೇ ಬೆಳ್ಳಗಿವೆ, ತಿನ್ನುವವರು ಬರುತ್ತಿಲ್ಲ ಅಂತ. ಹೆಂಡತಿಗೆ ಪೇಪರು ಓದುವಷ್ಟು ಓದು ಇರಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ಯಾವ ಬಡಾವಣೆಯಲ್ಲಿ ಏನು ತೆರೆಯಿತು, ಏನು ಮುಚ್ಚಿತು ಅನ್ನುವುದು ಅವಳಿಗೆ ಊಟದ ತಟ್ಟೆಯ ಮುಂದೆಯೇ ಗೊತ್ತಾಗುತ್ತಿತ್ತು.

ನೂಲಿನ ಗಿರಣಿ ಮುಚ್ಚಿದ್ದನ್ನು ಹಾಗೇ ಅವಳು ತಿಳಿದದ್ದು. ಅವತ್ತು ಅವನು ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ಹಸಿರು ಗಂಟು ಬರಲಿಲ್ಲ ಅಂದ. ಮುಂದಿನ ವಾರವೂ ಬರಲಿಲ್ಲ. ನಾನೂರು ಹಸಿರು ಅಂಗಿ ಊರಿನಿಂದ ಮಾಯ. ಲಾಂಡ್ರಿಯಲ್ಲೂ ಆಗ ನಾಲ್ಕು ಮೇಜು ಖಾಲಿಯಾದವು, ಅವನದೂ ಹೋಗುತ್ತದೆ ಅಂತ ಇಬ್ಬರೂ ದಿನ ಎಣಿಸಿದರು. ಹೋಗಲಿಲ್ಲ. ವರ್ಷ ಕಳೆದ ಮೇಲೆ ಒಂದು ಸಂಜೆ ಅವನು ನಗುತ್ತ ಬಂದ. ಕಾವಲುಗಾರರ ಬೂದು ಅಂಗಿಗಳಲ್ಲಿ ಒಂದರ ಎಡ ಭುಜ ಇಳಿಬಿದ್ದಿತ್ತಂತೆ. ಅದೇ ಇಳಿಬಿದ್ದ ಭುಜವನ್ನು ಅವನು ಹನ್ನೆರಡು ವರ್ಷ ಹಸಿರು ಅಂಗಿಯಲ್ಲಿ ನೋಡಿದ್ದ. "ಗಿರಣಿಯ ಫಿಟ್ಟರು ಬದುಕಿದಾನೆ. ಯಾವುದೋ ಕಟ್ಟಡದ ಬಾಗಿಲು ಕಾಯ್ತಿದಾನೆ" ಅಂದ. ಆ ಮನುಷ್ಯನ ಮುಖವನ್ನು ಅವನು ಒಂದು ಸಲವೂ ಕಂಡವನಲ್ಲ. ಆದರೂ ಅವತ್ತು ಎರಡು ಲೋಟ ಚಹಾ ಕುಡಿದ.

ಒಂದು ಸಲ ಸರ್ಕಾರದ ಲೆಕ್ಕದ ಕಚೇರಿಯಿಂದ ಒಬ್ಬ ಮೇಡಂ ಫಾರಂ ಹಿಡಿದುಕೊಂಡು ಲಾಂಡ್ರಿಗೆ ಬಂದಿದ್ದರಂತೆ. ಊರಿನಲ್ಲಿ ಎಷ್ಟು ಜನಕ್ಕೆ ಕೆಲಸ ಇದೆ, ಎಷ್ಟು ಜನಕ್ಕೆ ಇಲ್ಲ ಅಂತ ಎಣಿಸುವವರು. ಲಾಂಡ್ರಿಯ ಯಜಮಾನರು ಅವರನ್ನು ಗುರುತಣ್ಣನ ಮೇಜಿಗೆ ಕಳಿಸಿದರು. ಇವನು ಅರ್ಧ ಗಂಟೆ ಮಾತಾಡಿದ. ಈ ವರ್ಷ ಹೊಸ ಆಸ್ಪತ್ರೆ ಎರಡು ಬಂದಿವೆ, ಕೋಟುಗಳೆಲ್ಲ ಸಣ್ಣ ಅಳತೆ, ಅಂದರೆ ಸೇರಿದವರು ಚಿಕ್ಕ ಹುಡುಗಿಯರು. ಡಿಪೋದವರ ಜೇಬಿನಲ್ಲಿ ಸಿಗುವ ಟಿಕೆಟ್ಟುಗಳು ಬಲು ದೂರದ ಬಡಾವಣೆಯವು, ಅಂದರೆ ಬಾಡಿಗೆ ಏರಿ ಜನ ಊರಾಚೆ ಹೋಗಿದ್ದಾರೆ. ಮೇಡಂ ಫಾರಂ ಮಡಚಿಟ್ಟು ಕೇಳಿದರಂತೆ. ಹೋಗುವಾಗ, ನಮ್ಮ ಲೆಕ್ಕ ಬರೋದಕ್ಕೆ ಎಂಟು ತಿಂಗಳಾಗುತ್ತೆ ಅಂದರಂತೆ. ಇವನು, "ನನ್ನದು ಸೋಮವಾರ ಬರುತ್ತೆ ಮೇಡಂ" ಅಂದನಂತೆ. ಈ ಕತೆಯನ್ನು ಅವನು ಹೆಂಡತಿಗೆ ಕಮ್ಮಿಯೆಂದರೂ ನಲವತ್ತು ಸಲ ಹೇಳಿದ್ದ. ಒಂದೊಂದು ಸಲವೂ ಮೇಡಂ ಇನ್ನಷ್ಟು ಬೆರಗಾಗುತ್ತಿದ್ದರು.

ಅವನು ಹೋದದ್ದು ಗುರುವಾರ ಬೆಳಿಗ್ಗೆ. ಮುಖ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸುವ ಸದ್ದು ಬರಲಿಲ್ಲ. ಅವಳು ಒಳಗಿನಿಂದಲೇ ನೀರು ಪೋಲಾಗುತ್ತಿದೆ ಅಂತ ಕೂಗಿದಳು. ಅವನಿಗೆ ಅವಳು ಆಡಿದ ಕೊನೆಯ ಮಾತು ಅದು. ಇನ್ನೊಂದಿಷ್ಟು ಒಳ್ಳೆಯ ಮಾತು ಆಡಬಹುದಿತ್ತು. ಗೊತ್ತಿರಲಿಲ್ಲ.

ಈಗ ಆ ಶುಕ್ರವಾರಕ್ಕೆ ಬರೋಣ. ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತರು. ಅವಳು ಚಹಾ ಇಟ್ಟಳು. ಇಸ್ತ್ರಿಯಕ್ಕ ಸತ್ತವನನ್ನು ಅಣ್ಣ ಅಂತಿದ್ದವಳು, ಹಾಗಾಗಿ ಇವಳು ಅತ್ತಿಗೆ. ಸೂಪರ್‌ವೈಸರ್‌ಗೆ ಏನು ಕರೆಯಬೇಕೋ ತಿಳಿಯದೆ ಅಮ್ಮ ಅಂದ. ಲೋಟ ಅರ್ಧ ಖಾಲಿಯಾಗುವವರೆಗೂ ಇಬ್ಬರೂ ಹವಾಮಾನ ಮಾತಾಡಿದರು. ಆಮೇಲೆ ಅವಳೇ ಕೇಳಿದಳು.

"ಅಂಗಿ ಯಾಕೆ ತಂದಿರಿ?"

ಇಸ್ತ್ರಿಯಕ್ಕ ಹೇಳಿದ್ದು ಇಷ್ಟು. ಗುರುತಣ್ಣ ಹೋದ ಮೇಲೆ ಡಿಪೋದ ಬಟ್ಟೆ ವಿಂಗಡಿಸುವವರು ಯಾರೂ ಇರಲಿಲ್ಲ. ಅವನಿಗೆ ಜ್ವರ ಬಂದರೂ ಬಟ್ಟೆ ಅವನಿಗಾಗಿ ಕಾಯುತ್ತಿತ್ತೇ ಹೊರತು ಬೇರೆಯವರ ಕೈಗೆ ಹೋದದ್ದೇ ಇಲ್ಲ. ಎರಡು ವಾರ ರಾಶಿ ಹಾಗೇ ಬಿದ್ದಿತ್ತು. ಕೊನೆಗೆ ಇಸ್ತ್ರಿಯವರೇ ಕೂತು, ಹೊಲಿಗೆ ಎಣಿಸಿ, ಆಫೀಸಿನ ಪುಸ್ತಕ ನೋಡಿ, ಹೆಸರು ಸಿಕ್ಕವನ್ನೆಲ್ಲ ಕಟ್ಟು ಕಟ್ಟಿ ಸೋಮವಾರ ಕಳಿಸಿದರು. ಮಂಗಳವಾರ ಡಿಪೋದಲ್ಲಿ ಹಬ್ಬದ ಗದ್ದಲ. ಹದಿನಾಲ್ಕನೇ ನಂಬರಿನ ಕಡ್ಡಿ ಕಂಡಕ್ಟರಿಗೆ ನಲವತ್ತೊಂದರ ಗುಂಡು ಡ್ರೈವರಿನ ಪ್ಯಾಂಟು. ಅದರೊಳಗೆ ಅವನಂಥವರು ಇಬ್ಬರು ಹಿಡಿಸುತ್ತಿದ್ದರು. ಗುಂಡು ಡ್ರೈವರು ಕಡ್ಡಿಯ ಪ್ಯಾಂಟಿಗೆ ಕಾಲು ತೂರಿಸಲು ಹೋಗಿ ಹೊಲಿಗೆ ಬಿಚ್ಚಿಸಿದ. ಮೂರನೇ ನಂಬರಿನವನಿಗೆ ಎರಡು ಪಟ್ಟು ಬಟ್ಟೆ, ಮೂವತ್ತನೇ ನಂಬರಿನವನಿಗೆ ಕರ್ಚೀಫೂ ಇಲ್ಲ. ಅವನು ಎರಡು ದಿನ ಮನೆಯ ಅಂಗಿಯಲ್ಲೇ ಬಸ್ ಓಡಿಸಿದ, ಜನ ಹತ್ತುವ ಮೊದಲು ಅವನ ಮುಖ ನೋಡಿ ಅನುಮಾನಪಟ್ಟರಂತೆ.

ಡಿಪೋದ ಮ್ಯಾನೇಜರು ಫೋನು ಮಾಡಿದರು. ಬರುವ ಸೋಮವಾರ ಎಂಬತ್ತಾರು ಜನಕ್ಕೂ ಅವರವರ ಬಟ್ಟೆ ಬರಬೇಕು. ಬರದಿದ್ದರೆ ಕೆಲಸವನ್ನು ಊರಾಚೆಯ ದೊಡ್ಡ ಕಂಪನಿಗೆ ಕೊಡುತ್ತೇವೆ, ಅವರಲ್ಲಿ ಎಲ್ಲ ಯಂತ್ರವೇ ಓದುತ್ತದೆ ಅಂದರು. ಡಿಪೋ ಹೋದರೆ ಲಾಂಡ್ರಿಯ ಮೂರನೇ ಒಂದು ಪಾಲು ಕೆಲಸ ಹೋದ ಹಾಗೆ. ಹನ್ನೊಂದು ಮೇಜಿನಲ್ಲಿ ನಾಲ್ಕು ಖಾಲಿ.

"ಯಾವ ನಾಲ್ಕು?" ಅಂತ ಅವಳು ಕೇಳಿದಳು.

"ಅದನ್ನ ಇವರನ್ನ ಕೇಳಿ" ಅಂದಳು ಇಸ್ತ್ರಿಯಕ್ಕ. ಸೂಪರ್‌ವೈಸರ್ ಚಹಾದ ಲೋಟದೊಳಗೆ ನೋಡಿದ.

ಅವನು ನಿಧಾನಕ್ಕೆ ಬಂದ ವಿಷಯ ಹೇಳಿದ. ಗುರುತಣ್ಣ ಮನೆಯಲ್ಲಿ ಏನಾದರೂ ಬರೆದಿಟ್ಟಿದ್ದಾರಾ, ಚೀಟಿ, ಪುಸ್ತಕ, ಏನಾದರೂ. ಅವಳು ಇಲ್ಲ ಅಂದಳು. ಅವನು ಬರೆದದ್ದನ್ನು ಅವಳು ಕಂಡದ್ದೇ ಕಮ್ಮಿ.

"ನಾನು ಅಂದ್ಕೊಂಡೆ ಅಮ್ಮ. ತಪ್ಪು ತಿಳೀಬೇಡಿ. ವಯಸ್ಸಾಗಿತ್ತಲ್ಲ. ಕಣ್ಣೋ, ತಲೆನೋ, ಏನೋ ಒಂದು ಕೈಕೊಟ್ಟಿರಬೇಕು. ಗುರುತುಗಳೆಲ್ಲ ತಪ್ಪು ಬಿದ್ದಿವೆ."

ಇಸ್ತ್ರಿಯಕ್ಕ ಅಂಗಿಯ ಕಾಲರು ಬಿಚ್ಚಿ ಮೇಜಿನ ಮೇಲೆ ಹರಡಿದಳು. "ನನಗೂ ಹೇಳೋಕೆ ಬಾಯಿ ಬರ್ತಿಲ್ಲ ಅತ್ತಿಗೆ. ಆದರೆ ನೀವೇ ನೋಡಿ. ಡಿಪೋದಲ್ಲಿ ಇರೋದೇ ಎಂಬತ್ತಾರು ಜನ. ಇದು ತೊಂಬತ್ತೆರಡು. ಇಂಥವು ರಾಶಿ ಇವೆ. ತೊಂಬತ್ತೊಂದು, ತೊಂಬತ್ತಮೂರು, ತೊಂಬತ್ತೈದು. ಇಲ್ಲದೇ ಇರೋ ಜನಕ್ಕೆ ಅಣ್ಣ ಗುರುತು ಹಾಕಿದಾರೆ."

ಅವಳು ಬಗ್ಗಿ ನೋಡಿದಳು. ಎರಡು ಗೀಟು, ಜಾಗ, ಒಂಬತ್ತು ಗೀಟು. ಬೆರಳಿಟ್ಟು ಎಣಿಸಿದಳು. ಆ ಹೊಲಿಗೆ ಅವಳಿಗೆ ಅವನ ಕೆಮ್ಮಿನಷ್ಟು ಪರಿಚಯ. "ಇದು ಇಪ್ಪತ್ತೊಂಬತ್ತಲ್ವಾ?" ಅಂದಳು.

"ನಾನೂ ಅದನ್ನೇ ಕೇಳಿದ್ದೆ" ಅಂದ ಸೂಪರ್‌ವೈಸರ್. "ಮೊದಲನೇ ದಿನಾನೇ. ಹನ್ನೊಂದು ಜನವೂ ನಕ್ಕರು."

"ಸೂಜಿಗೆ ದಾರ ಪೋಣಿಸೋಕೆ ಬರದವರು ಕೇಳಿದರೆ ನಗ್ದೆ ಏನು ಮಾಡ್ತಾರೆ ಸಾರ್" ಅಂದಳು ಇಸ್ತ್ರಿಯಕ್ಕ. "ಅತ್ತಿಗೆ, ಅದು ಪುಸ್ತಕ ಓದೋ ಲೆಕ್ಕ. ಹೊಲಿಗೆ ಲೆಕ್ಕ ಬೇರೆ. ನೀವೂ ಸೂಜಿ ಹಿಡಿದವರೇ ಅಲ್ವಾ? ಎಲ್ಲಿಂದ ಶುರು ಮಾಡ್ತೀರಿ?" ತನ್ನ ಏಪ್ರನ್ನಿನ ಅಂಚಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ಗಾಳಿಯಲ್ಲೇ ಹೊಲಿದು ತೋರಿಸಿದಳು. ಬಲ ತುದಿಯಿಂದ ಎಡಕ್ಕೆ. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಸೂಜಿ.

ಅದು ನಿಜವೇ. ಹೆಂಡತಿಯೂ ಹಾಗೇ ಹೊಲಿಯುತ್ತಿದ್ದಳು, ಅವಳ ಅಮ್ಮನೂ ಹಾಗೇ. ಮೊದಲು ಹೊಲಿದದ್ದು ಹತ್ತು, ಆಮೇಲೆ ಹೊಲಿದದ್ದು ಬಿಡಿ. ಬಲದಿಂದ ಶುರುವಾದರೆ ಬಲದಲ್ಲಿರುವುದೇ ಹತ್ತು. ತೊಂಬತ್ತೆರಡು. ವಾದಿಸಲು ಜಾಗವಿರಲಿಲ್ಲ. ಆದರೂ ಇಸ್ತ್ರಿಯಕ್ಕನ ಕೈ ಗಾಳಿಯಲ್ಲಿ ಓಡುವುದನ್ನು ನೋಡುವಾಗ ಅವಳಿಗೆ ಏನೋ ಇರುಸುಮುರುಸಾಯಿತು. ಏನು ಅಂತ ಹಿಡಿಯಲು ಬರಲಿಲ್ಲ.

"ನಮ್ಮನೆಯವರು ತಪ್ಪು ಹಾಕೋರಲ್ಲ" ಅಂದಳು. ಅಷ್ಟೇ ಅವಳಿಗೆ ಹೇಳಲು ಬಂದದ್ದು.

"ಇಲ್ಲ ಅಂತ ನಾವು ಹೇಳ್ತಿಲ್ಲ ಅತ್ತಿಗೆ" ಅಂದಳು ಇಸ್ತ್ರಿಯಕ್ಕ. ಅವರು ಹೇಳುತ್ತಿದ್ದದ್ದು ಅದನ್ನೇ. ಅಂಗಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದರು.

ಅವಳು ಲೋಟ ತೊಳೆದಳು. ಸೋಮವಾರ ಡಿಪೋ ಕೈಬಿಟ್ಟು ಹೋದರೆ ನಾಲ್ಕು ಹೆಂಗಸರು ಮನೆಗೆ ಹೋಗುತ್ತಾರೆ. ಹೋದವರು ಜೀವ ಇರುವವರೆಗೂ ಹೇಳುತ್ತಾರೆ, ಗುರುತಣ್ಣನ ತಲೆ ಕೆಟ್ಟು ನಮ್ಮ ಅನ್ನ ಹೋಯಿತು ಅಂತ. ಮೂವತ್ತೊಂದು ವರ್ಷದ ಕೆಲಸ ಈ ಒಂದು ಮಾತಾಗಿ ಉಳಿಯುತ್ತದೆ. ಸತ್ತವರು ಎದ್ದು ಬಂದು ಎದುರು ಮಾತಾಡುವುದಿಲ್ಲವಲ್ಲ.

ಶನಿವಾರ ಬೆಳಿಗ್ಗೆ ಅವಳು ಅವನ ಅಂಗಿಗಳನ್ನು ಮಡಚಲು ಕೂತಳು. ಯಾರಿಗಾದರೂ ಆಗಲಿ ಅಂತ ಮಗಳು ಹೇಳಿಹೋಗಿದ್ದಳು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಎರಡು ಸ್ಟಾಪು ಆಚೆ ಮನೆ, ದಿನಕ್ಕೆ ಮೂರು ಸಲ ಫೋನು. ಒಂದು ಅಂಗಿಯ ತೋಳಿನಿಂದ ದಾರ ಜೋತಾಡುತ್ತಿತ್ತು. ಕತ್ತರಿಸೋಣ ಅಂತ ಕೈಗೆ ಸಿಕ್ಕ ಕತ್ತರಿ ತೆಗೆದುಕೊಂಡಳು. ಅವನ ಮೊಂಡು ಕತ್ತರಿ. ಅದು ಮಾಮೂಲಿಯಂತೆ ದಾರವನ್ನು ಅಗಿಯಿತು. ಅವಳಿಗೆ ಸಿಟ್ಟು ಬಂತು. ಸಾಯುವಾಗಲೂ ಇದೊಂದನ್ನು ಬಿಟ್ಟುಹೋಗಿದ್ದಾರಲ್ಲ, ಇನ್ನೊಂದು ಕತ್ತರಿ ಕೊಳ್ಳಿ ಅಂತ ಎಷ್ಟು ಸಲ ಬಡಿದುಕೊಂಡಿದ್ದೆ ಅಂತ ಬೈದಳು. ಬೈದಾಗ ಅವನು ಹೇಳುತ್ತಿದ್ದದ್ದು ನೆನಪಾಯಿತು. "ಅದು ಮೊಂಡಲ್ಲ ಕಣೇ. ನಿನ್ನ ಕೈ ತಪ್ಪು."

ಕತ್ತರಿಯನ್ನು ಎಡಗೈಗೆ ಬದಲಾಯಿಸಿದಳು. ದಾರ ಬೆಣ್ಣೆಯಂತೆ ತುಂಡಾಯಿತು.

ಅವಳು ಕತ್ತರಿ ಹಿಡಿದುಕೊಂಡು ಹಾಗೇ ಕೂತಳು.

ಚಿಕ್ಕವನಿದ್ದಾಗ ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ಮೇಷ್ಟ್ರು ಅವನ ಗೆಣ್ಣು ಊದುವ ಹಾಗೆ ಹೊಡೆದಿದ್ದರು. ಮನೆಯಲ್ಲಿ ಅಪ್ಪನೂ ಬಿಡಲಿಲ್ಲ. ಬರೆಯುವುದು, ತಿನ್ನುವುದು, ಕೈ ಮುಗಿಯುವುದು, ನಾಲ್ಕು ಜನರ ಮುಂದೆ ಏನೇ ಮಾಡಿದರೂ ಬಲಗೈ. ಸೂಜಿ ಮಾತ್ರ ಬಲಗೈಗೆ ಒಲಿಯಲಿಲ್ಲ. ಅದಕ್ಕೇ ಅವನು ಜನಕ್ಕೆ ಬೆನ್ನು ಹಾಕಿ ಕೂರುತ್ತಿದ್ದದ್ದು. ಬೆಳಕಿಗೆ ಅಂತ ಎಲ್ಲರೂ ನಂಬಿದ್ದರು. ಈ ಎಡಗೈ ಕತ್ತರಿಗಾಗಿ ಮದುವೆಯಾದ ಹೊಸತರಲ್ಲಿ ಇಬ್ಬರೂ ಇಡೀ ಪೇಟೆ ಸುತ್ತಿದ್ದರು. ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಮನೆಯಲ್ಲಿ ಅವಳ ಎದುರಿಗೆ ಅವನು ಎಡಗೈಯಲ್ಲೇ ಹೊಲಿಯುತ್ತಿದ್ದ, ಮೂವತ್ತು ವರ್ಷ ಕಣ್ಣಾರೆ ನೋಡಿದ್ದಳು. ನೋಡಿ ನೋಡಿ ಅದು ಎಡಗೈ ಅನ್ನುವುದೇ ಮರೆತುಹೋಗಿತ್ತು. ಅವನ ಕೈ ಅಷ್ಟೇ.

ಇಸ್ತ್ರಿಯಕ್ಕನ ಕೈ ಯಾಕೆ ಇರುಸುಮುರುಸು ಮಾಡಿತ್ತು ಅನ್ನುವುದು ಈಗ ಹೊಳೆಯಿತು. ಅದು ಓಡಿದ ದಿಕ್ಕೇ ಬೇರೆ. ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯುತ್ತಾರೆ. ಎಡಗೈಯವರು ಎಡದಿಂದ ಬಲಕ್ಕೆ.

ಅವಳು ಅಂಗಿ, ಕತ್ತರಿ ಎರಡನ್ನೂ ಚೀಲಕ್ಕೆ ತುರುಕಿ ಬಸ್ ಹತ್ತಿದಳು. ಇಪ್ಪತ್ಮೂರು ದಿನದಲ್ಲಿ ಮನೆ ಬಿಟ್ಟು ಹೊರಟದ್ದು ಅದೇ ಮೊದಲು. ಕೂದಲು ಬಾಚಿಕೊಂಡಿಲ್ಲ ಅನ್ನುವುದು ಅರ್ಧ ದಾರಿಯಲ್ಲಿ ಗೊತ್ತಾಯಿತು.

ಲಾಂಡ್ರಿಯಲ್ಲಿ ಎಲ್ಲರೂ ನೀಲಿ ರಾಶಿಯ ಸುತ್ತ ಕೂತಿದ್ದರು, ಹೆಣದ ಸುತ್ತ ಕೂತ ಹಾಗೆ. ಅಳತೆ ನೋಡಿ ಅಂದಾಜಿನಲ್ಲಿ ವಿಂಗಡಿಸೋಣ ಅಂತ ಒಬ್ಬಳು, ಡಿಪೋದವರನ್ನೇ ಕರೆಸಿ ಆರಿಸಿಕೊಳ್ಳಿ ಅನ್ನೋಣ ಅಂತ ಇನ್ನೊಬ್ಬಳು. ಹೆಂಡತಿ ನೇರ ಹೋಗಿ ಇಸ್ತ್ರಿಯಕ್ಕನ ಮುಂದೆ ಕತ್ತರಿ ಇಟ್ಟಳು.

"ಎಡಗೈಲಿ ಹಿಡಿ."

"ಅಯ್ಯೋ ಅತ್ತಿಗೆ, ಈ ಮೊಂಡು ಕತ್ತರಿ—"

"ಹಿಡಿ ಅಂದೆ."

ಇಸ್ತ್ರಿಯಕ್ಕ ಎಡಗೈಗೆ ತೊಡಿಸಿಕೊಂಡು ಒಂದು ಚಿಂದಿ ಬಟ್ಟೆಗೆ ಇಟ್ಟಳು. ಕತ್ತರಿ ಸರ್ರನೆ ಹೋಯಿತು. ಮೊದಲು ಅರ್ಥವಾದದ್ದು ಇಸ್ತ್ರಿಯಕ್ಕನಿಗೇ. ಸೂಜಿಯ ವಿದ್ಯೆ ಬಲ್ಲವಳಲ್ಲವೇ. ಅವಳು ಕತ್ತರಿ ಕೆಳಗಿಟ್ಟು, ಅಂಗಿಯ ಕಾಲರು ಬಿಚ್ಚಿ, ಎಡ ತುದಿಯ ಮೇಲೆ ಬೆರಳಿಟ್ಟಳು.

"ಎರಡು. ಒಂಬತ್ತು. ಇಪ್ಪತ್ತೊಂಬತ್ತು" ಅಂದಳು. ಆಮೇಲೆ ಅಲ್ಲೇ ರಾಶಿಯ ಮೇಲೆ ಕುಸಿದು ಕೂತು, "ಅಣ್ಣ ಎಡಚ. ಮೂವತ್ತು ವರ್ಷ ಪಕ್ಕದಲ್ಲೇ ಇದ್ದು ನನಗೆ ಗೊತ್ತಿಲ್ಲ. ಕಣ್ಣಿದ್ದೂ ನಾನೆಂಥ ಕಬೋದಿ" ಅಂದಳು.

ಹೊಲಿಗೆ ಬಾರದ ಯಾರೇ ಆಗಲಿ, ನೋಡಿದ ಹಾಗೆ ಓದಿದ್ದರೆ ಸರಿಯಾಗಿಯೇ ಓದುತ್ತಿದ್ದರು. ಓದಿದವನೊಬ್ಬ ಇದ್ದ ಕೂಡ. ಎಲ್ಲರೂ ಒಟ್ಟಿಗೆ ಸೂಪರ್‌ವೈಸರ್ ಕಡೆ ತಿರುಗಿದರು. ಅವನಿಗೆ ಗೆದ್ದ ಮುಖ ಹೇಗೆ ಮಾಡಬೇಕೋ ತಿಳಿಯದೆ ಕಿವಿ ಕೆಂಪಾಯಿತು. "ಸೂಜಿಗೆ ದಾರ ಪೋಣಿಸೋಕೆ ಬರದಿದ್ದದ್ದೇ ಒಳ್ಳೇದಾಯ್ತು ಬಿಡಿ ಸಾರ್" ಅಂದಳು ಮೂಲೆಯ ಮೇಜಿನವಳು. ಅವನೂ ನಕ್ಕ. ಆಮೇಲೆ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, "ನಿನ್ನೆ ನಾನು ಆಡಿದ್ದು ತಪ್ಪಾಯ್ತು ಅಮ್ಮ" ಅಂದ.

"ತಪ್ಪೇ" ಅಂದಳು ಅವಳು. "ಕಟ್ಟೋಕೆ ಶುರು ಮಾಡಿ."

ಆ ಶನಿವಾರ, ಮರುದಿನ ಭಾನುವಾರ, ಎರಡೂ ದಿನ ಅವಳು ಗುರುತಣ್ಣನ ಕುರ್ಚಿಯಲ್ಲಿ ಕೂತು ನಂಬರು ಕೂಗಿದಳು. ಹನ್ನೊಂದು ಜನ ಮಡಚಿ ಕಟ್ಟಿದರು. ಸೂಪರ್‌ವೈಸರ್ ಪುಸ್ತಕ ನೋಡಿ ಹೆಸರಿನ ಚೀಟಿ ಸಿಕ್ಕಿಸಿದ. ಒಂದೇ ಒಂದು ಗುರುತೂ ತಪ್ಪಿರಲಿಲ್ಲ. ಅವನು ಹೋಗುವ ಹಿಂದಿನ ದಿನ ಹಾಕಿದ್ದನ್ನೂ ನೋಡಿದರು. ಅರವತ್ತನಾಲ್ಕು. ಹತ್ತು ಗೀಟೂ ಒಂದೇ ಎತ್ತರ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಕಣ್ಣೂ ಸರಿಯಿತ್ತು, ತಲೆಯೂ ಸರಿಯಿತ್ತು.

ಸೋಮವಾರ ಕಟ್ಟುಗಳು ಹೋದವು. ಮಂಗಳವಾರ ಫೋನು ಬರಲಿಲ್ಲ. ಬುಧವಾರವೂ ಬರಲಿಲ್ಲ. ಡಿಪೋದವರು ಬೈಯಲು ಮಾತ್ರ ಫೋನು ಮಾಡುವವರು. ಹಾಗಾಗಿ ಫೋನು ಬರದಿರುವುದೇ ಅವರ ಒಪ್ಪಿಗೆ ಅಂತ ಎಲ್ಲರೂ ತಿಳಿದರು. ಗುರುವಾರ ಒಂದು ಸಣ್ಣ ಪೊಟ್ಟಣ ಬಂತು, ಒಳಗೆ ಬಿಸ್ಕತ್ತು. ಮೂವತ್ತನೇ ನಂಬರಿನವನು ಕಳಿಸಿದ್ದ. ಪ್ಯಾಂಟು ಸಿಕ್ಕ ಸಂತೋಷಕ್ಕೆ ಅಂತ ಬರೆದಿದ್ದ.

ಆ ವಾರವೇ ಯಜಮಾನರು ಕೇಳಿ ಕಳಿಸಿದರು, ಆ ಕುರ್ಚಿಯಲ್ಲಿ ಅವಳೇ ಕೂರಬಹುದಾ ಅಂತ. ಮಗಳು ಬೇಡ ಅಂದಳು, ನನ್ನ ಮನೆಗೆ ಬಾ, ಆರಾಮಾಗಿರು ಅಂದಳು. ಆರಾಮವಾಗಿ ಇಪ್ಪತ್ತೆರಡು ದಿನ ಕೂತು ನೋಡಿದ್ದೀನಿ, ಸಾಕು ಅಂದಳು ಅವಳು. ಮಗಳು ವಾದ ಬಿಟ್ಟಳು. ಅಮ್ಮನ ಹಟ ಅವಳಿಗೂ ಬಂದಿತ್ತು, ಅದು ಬಗ್ಗುವುದಿಲ್ಲ ಅಂತ ಗೊತ್ತಿತ್ತು.

ಕೆಲಸ ಸುಲಭವಾಗಿತ್ತು, ಎರಡು ತಿಂಗಳು ಬರೀ ಓದುವ ಕೆಲಸ. ಕಾಲರು ಬಿಚ್ಚುವುದು, ಎಡದಿಂದ ಎಣಿಸುವುದು. ದಿನಕ್ಕೆ ನೂರು ಸಲ ಅವನ ಕೈಬರಹ ಓದಿದ ಹಾಗೆ. ಬೇರೆ ಹೆಂಗಸರಿಗೆ ಗಂಡನದು ಒಂದೋ ಎರಡೋ ಕಾಗದ ಉಳಿದಿರುತ್ತದೆ. ಇವಳಿಗೆ ಎಂಬತ್ತಾರು ಜನದ ಬೆನ್ನ ಮೇಲೆ ಉಳಿದಿತ್ತು, ಊರೆಲ್ಲ ಓಡಾಡುತ್ತಿತ್ತು. ಕೆಲವು ದಿನ ಕಣ್ಣು ತುಂಬಿ ಎಣಿಕೆ ತಪ್ಪುತ್ತಿತ್ತು. ಆಗ ಮತ್ತೆ ಮೊದಲಿಂದ ಎಣಿಸುತ್ತಿದ್ದಳು. ಹಬೆಯಲ್ಲಿ ಯಾರ ಮುಖವಾದರೂ ಒದ್ದೆಯೇ, ಯಾರೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಅವರ ಜೊತೆಯೇ ಡಬ್ಬಿ ಬಿಚ್ಚುತ್ತಿದ್ದಳು. ಅಣ್ಣ ನಮ್ಮ ಡಬ್ಬಿಗೆಲ್ಲ ಕೈ ಹಾಕ್ತಿದ್ರು, ಅತ್ತಿಗೆ ಡಬ್ಬಿಗೆ ಈಗ ನಾವು ಹಾಕ್ತೀವಿ, ಹಳೇ ಬಾಕಿ ತೀರಲಿ ಅಂತ ಅವರು ಕಾಡುತ್ತಿದ್ದರು.

ಮೂರನೇ ತಿಂಗಳು ಡಿಪೋದಿಂದ ಬಂದ ಗಂಟಿನಲ್ಲಿ ಹೊಸ ಅಂಗಿಗಳಿದ್ದವು. ಆರು. ಎಲ್ಲ ಗಂಜಿ ಹಾಕಿದ ಹಾಗೆ ಸೆಟೆದಿದ್ದವು, ಅಂಗಡಿಯ ವಾಸನೆ ಹೋಗಿರಲಿಲ್ಲ. ಜೊತೆಗೆ ಚೀಟಿ. ಎಂಬತ್ತೇಳರಿಂದ ತೊಂಬತ್ತೆರಡು. ಹೊಸ ಬಡಾವಣೆಗೆ ಎರಡು ಹೊಸ ಬಸ್ಸು ಬಿಡುತ್ತಾರಂತೆ, ಅದಕ್ಕೆ ಆರು ಜನ ಸೇರಿದ್ದಾರೆ ಅಂತ ಸೂಪರ್‌ವೈಸರ್ ಹೇಳಿದ. ಡಿಪೋದವರು ಹೊಸಬರನ್ನು ತೆಗೆದುಕೊಂಡು ನಾಲ್ಕು ವರ್ಷವಾಗಿತ್ತು.

"ತೊಂಬತ್ತೆರಡು ನಿಜವಾಗಿಯೂ ಬಂತಲ್ಲ ಅತ್ತಿಗೆ" ಅಂದಳು ಇಸ್ತ್ರಿಯಕ್ಕ.

ಅವಳು ಎಂಬತ್ತೇಳನ್ನು ಕೈಗೆತ್ತಿಕೊಂಡಳು. ಸೂಜಿಗೆ ದಾರ ಪೋಣಿಸಿದಳು. ಅಲ್ಲಿ ತಡೆದಳು. ಅವಳದು ಬಲಗೈ. ಬಲಗೈ ಬಲದಿಂದ ಹೊಲಿಯುತ್ತದೆ. ಹಾಗೆ ಹೊಲಿದರೆ ಈ ಆರು ಜನರದು ಒಂದು ದಿಕ್ಕು, ಅವನು ಹೊಲಿದ ಎಂಬತ್ತಾರರದು ಇನ್ನೊಂದು ದಿಕ್ಕು. ನಾಳೆ ಅವಳೂ ಹೋದ ಮೇಲೆ ಮತ್ತೆ ಅದೇ ಗದ್ದಲ. ಸೂಜಿಯನ್ನು ಎಡಗೈಗೆ ಕೊಟ್ಟು ನೋಡಿದಳು. ಎರಡು ಗೀಟು ಹಾಕಿದಳು, ಕೋಳಿ ಕಾಲು ಕೆದರಿದ ಹಾಗೆ ಬಂದವು. ಇಸ್ತ್ರಿಯಕ್ಕ ನೋಡಿ ನಗು ತಡೆದುಕೊಂಡಳು. ಅವಳು ಗೀಟು ಬಿಚ್ಚಿದಳು.

ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಗೂಡ್ಸ್ ಅಂಗಳದಲ್ಲಿ ಯಾರೋ ಲಾರಿ ಹಿಂದಕ್ಕೆ ತಗೊಳ್ಳುತ್ತಿದ್ದರು. ಆಮೇಲೆ ಅಂಗಿಯನ್ನು ತಲೆಕೆಳಗು ಮಾಡಿ ಹಿಡಿದಳು. ಕಾಲರು ತನ್ನ ಕಡೆ, ಅಂಚು ಕಿಟಕಿಯ ಕಡೆ. ಬಲಗೈಯಲ್ಲೇ, ಬಲದಿಂದಲೇ, ಎಂಟು ಗೀಟು ಹಾಕಿದಳು. ಒಂದು ಬೆರಳು ಜಾಗ ಬಿಟ್ಟಳು. ಏಳು ಗೀಟು ಹಾಕಿದಳು. ಗಂಟಿಲ್ಲದೆ ಮುಗಿಸಿದಳು. ಅಂಗಿಯನ್ನು ಮತ್ತೆ ನೆಟ್ಟಗೆ ತಿರುಗಿಸಿ ಮೇಜಿನ ಮೇಲೆ ಇಟ್ಟಳು.

ಎಡದಲ್ಲಿ ಎಂಟು, ಬಲದಲ್ಲಿ ಏಳು. ಅವನು ಹೊಲಿದ ಹಾಗೇ ಇತ್ತು.

ಸಂಜೆ ಮಗಳ ಫೋನು ಬಂತು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಸುಸ್ತಾಗಿದೀಯಾ ಅಂತ ಒಂದೇ ಉಸಿರಿಗೆ ಕೇಳಿದಳು. ಅವಳು ಒಂದಕ್ಕೂ ಉತ್ತರ ಕೊಡದೆ ಹೇಳಿದಳು.

"ಊರಿನ ನೆಗಡಿ ಬಿಟ್ಟಿದೆ ಕಣೇ. ಡಿಪೋದಲ್ಲಿ ಆರು ಜನ ಹೊಸಬರು."

"ಹಾಗಾದ್ರೆ ಊರು ಚೆನ್ನಾಗಿದೆ" ಅಂದಳು ಮಗಳು.

"ಚೆನ್ನಾಗಿದೆ" ಅಂದಳು ಅಮ್ಮ. ಫೋನಿಟ್ಟು, ಕತ್ತರಿಯನ್ನು ಬೆಳಿಗ್ಗೆ ಮರೆಯಬಾರದು ಅಂತ ಚೀಲದ ಹೊರಗಿನ ಜೇಬಿಗೆ ಹಾಕಿದಳು.